ಗುಜರಿಯವರು ಬೇಡ ಅಂದದ್ದು ಕಲೆಗೆ ಬರಲಿ

ಜೂನ್ 5 ಹತ್ತಿರ ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಖಾಲಿ ನೀರಿನ ಬಾಟಲಿಗೆ ಎಲ್ಲಿಲ್ಲದ ಬೇಡಿಕೆ. ವಿಶ್ವ ಪರಿಸರ ದಿನಕ್ಕೆ ಬಾಟಲಿಯ ಮರ, ಬಾಟಲಿಯ ಮೀನು, ಬಾಟಲಿಯ ಭೂಮಿ ಎದ್ದು ನಿಲ್ಲಬೇಕು. ಹುಡುಗ ಹುಡುಗಿಯರು ಹಾಸ್ಟೆಲ್, ಕ್ಯಾಂಟೀನ್, ಕಲ್ಯಾಣ ಮಂಟಪ ಎಲ್ಲ ಸುತ್ತಿ ಬಾಟಲಿ ಕೂಡಿಸುತ್ತಾರೆ. ಸಾಲದಿದ್ದರೆ ಗುಜರಿ ಅಂಗಡಿಯಿಂದ ಕೊಂಡು ತರುವುದೂ ಉಂಟು. ದುಡ್ಡು ಕೊಟ್ಟು ತಂದ ವಸ್ತು ಕಸ ಹೇಗಾಗುತ್ತದೆ ಅಂತ ಆ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅದನ್ನೇ. ಯುವಕರು ಊರಿಗಾಗಿ, ಊರಿನವರ ಜೊತೆ ಸೇರಿ, ಬಿಸಾಡಿದ ವಸ್ತುಗಳಿಂದ ಕಲೆ ಮಾಡುವುದು ಈಗ ಎಲ್ಲೆಡೆ ನಡೆಯುತ್ತಿದೆ. ಕೆರೆ ಏರಿ, ಮೆಟ್ರೋ ಕಂಬ, ಮಾಲಿನ ಅಂಗಳ, ಸರ್ಕಾರಿ ಶಾಲೆಯ ಗೋಡೆ, ಎಲ್ಲ ಕಡೆ ಕಾಣುತ್ತದೆ. ಉತ್ಸಾಹದ ಬಗ್ಗೆ ತಕರಾರಿಲ್ಲ. ಆದರೆ ಇದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಫೋಟೋಗೆ ಅಂತ ಬೇರೆ ಮಾಡುವುದು ಅಷ್ಟು ಕಷ್ಟವಲ್ಲ. ಗುಜರಿ ಅಂಗಡಿಯ ತಕ್ಕಡಿ ಸಾಕು.

ಮೊದಲು ಆ ಬಾಟಲಿಯನ್ನೇ ನೋಡೋಣ. ನೀರಿನ ಬಾಟಲಿ ಪೆಟ್ ಅನ್ನುವ ಪ್ಲಾಸ್ಟಿಕ್ಕಿನದು. ಅದು ನಮ್ಮ ದೇಶದಲ್ಲಿ ರಸ್ತೆ ಬದಿ ಜಾಸ್ತಿ ಹೊತ್ತು ಬಿದ್ದಿರುವುದಿಲ್ಲ. ಚಿಂದಿ ಆಯುವವರು ಎತ್ತಿಕೊಳ್ಳುತ್ತಾರೆ, ಯಾಕೆಂದರೆ ಅದಕ್ಕೆ ಬೆಲೆ ಇದೆ. ಗುಜರಿ ಅಂಗಡಿಯಲ್ಲಿ ಬಣ್ಣದ್ದು ಬೇರೆ, ಬಣ್ಣವಿಲ್ಲದ್ದು ಬೇರೆ ಮಾಡುತ್ತಾರೆ. ಮುಂದೆ ಅದನ್ನು ಒತ್ತಿ ಬೇಲು ಕಟ್ಟುತ್ತಾರೆ. ಕಾರ್ಖಾನೆಯಲ್ಲಿ ಚೂರು ಮಾಡಿ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಹಾಗೆ ಬೇರೆಯಾದ ಪೆಟ್ ಚೂರನ್ನು ಕರಗಿಸಿ ನೂಲು ಮಾಡುತ್ತಾರೆ. 2015ರ ವಿಶ್ವಕಪ್‌ನಲ್ಲಿ ಭಾರತ ಕ್ರಿಕೆಟ್ ತಂಡ ತೊಟ್ಟ ಜೆರ್ಸಿ ಮತ್ತು ಪ್ಯಾಂಟು ಇಂಥ ನೂಲಿನದೇ, ಒಂದು ಜೊತೆಗೆ ಸುಮಾರು 33 ಬಾಟಲಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಇಂಡಿಯನ್ ಆಯಿಲ್ ಕಂಪನಿ ಪ್ರಧಾನಿಗೆ ಬಾಟಲಿ ನೂಲಿನ ನೀಲಿ ಜಾಕೆಟ್ ಕೊಟ್ಟಿತು. ಅದೇ ವಾರ ಅವರು ಅದನ್ನು ತೊಟ್ಟು ಸಂಸತ್ತಿಗೆ ಹೋದರು.

ಇಷ್ಟು ದಾರಿ ಇರುವ ವಸ್ತುವಿಗೆ ನಾವು ಏನು ಮಾಡುತ್ತೇವೆ? ಸ್ಪ್ರೇ ಬಣ್ಣ ಹೊಡೆಯುತ್ತೇವೆ. ಬಿಸಿ ಅಂಟು ಹಾಕುತ್ತೇವೆ. ತಂತಿ ಸುತ್ತುತ್ತೇವೆ, ಸಿಮೆಂಟು ಮೆತ್ತುತ್ತೇವೆ. ಅಲ್ಲಿಗೆ ಬಾಟಲಿಯ ಮುಂದಿನ ಬಾಳು ಮುಗಿಯಿತು. ಬಣ್ಣ, ಅಂಟು ಹತ್ತಿದ ಪೆಟ್ ಅನ್ನು ಗುಜರಿಯವರು ತಕ್ಕಡಿಗೇ ಹಾಕುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಆ ಮರ, ಆ ಮೀನು ಲಾರಿ ಹತ್ತಿ ಹೋಗುವುದು ಊರಾಚೆಯ ಕಸದ ಗುಡ್ಡಕ್ಕೆ. ಕಸ ಅಲ್ಲದ್ದನ್ನು ಕಸ ಮಾಡಿದಂತಾಯಿತು, ಅಲ್ವಾ?

ಲೆಕ್ಕವನ್ನೂ ಹಾಕಬಹುದು. ಒಂದು ಲೀಟರಿನ ನೀರಿನ ಬಾಟಲಿ 20-25 ಗ್ರಾಂ ತೂಗುತ್ತದೆ. ಒಂದು ಸಾವಿರ ಬಾಟಲಿಯ ದೊಡ್ಡ ಶಿಲ್ಪ ಮಾಡಿದರೂ 25 ಕಿಲೋ ದಾಟುವುದಿಲ್ಲ. ಬೆಂಗಳೂರು ಒಂದೇ ದಿನಕ್ಕೆ ಹೊರಹಾಕುವ ಕಸ ಹತ್ತಿರ ಹತ್ತಿರ 5,000 ಟನ್. ಕಲೆಯಿಂದ ಕಸ ಕಡಿಮೆಯಾಗುತ್ತದೆ ಅನ್ನುವ ಮಾತನ್ನು ಬಿಟ್ಟುಬಿಡುವುದು ಒಳ್ಳೆಯದು. ಕಲೆ ಮಾಡುವ ಕೆಲಸ ಬೇರೆಯೇ ಇದೆ. ಜನರ ಕಣ್ಣು ಎಲ್ಲಿ ಹೋಗುವುದಿಲ್ಲವೋ ಅಲ್ಲಿಗೆ ತಿರುಗಿಸುವುದು, ಜೊತೆಗೆ ಕೂತು ಕೆಲಸ ಮಾಡಿಸುವುದು, ಕೆಲವು ಸಲ ನಾಲ್ಕು ಕಾಸು ದುಡಿಸಿಕೊಡುವುದು. ಇದಕ್ಕೆ ಯಾವ ವಸ್ತು ಆರಿಸುತ್ತೇವೆ ಅನ್ನುವುದು ಮುಖ್ಯವಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕೊಂದು ಸುಲಭದ ಅಳತೆಗೋಲು ಇದೆ. ಗುಜರಿಯವರು ಕೊಳ್ಳುವ ವಸ್ತುವನ್ನು ಅವರಿಗೇ ಬಿಡಿ. ಅವರು ಬೇಡ ಅಂದು ತಳ್ಳುವುದನ್ನು ಕೈಗೆತ್ತಿಕೊಳ್ಳಿ. ಆ ಪಟ್ಟಿ ಚಿಕ್ಕದೇನಲ್ಲ. ಪದರ ಪದರವಾಗಿ ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಂಟಿಸಿದ ಚಿಪ್ಸ್ ಪ್ಯಾಕೆಟ್, ಫ್ಲೆಕ್ಸು, ಥರ್ಮೋಕೋಲ್, ಒಡೆದ ಟೈಲ್ಸು, ಚೂರಾದ ಗಾಜಿನ ಬಳೆ, ಪಾಲಿಯೆಸ್ಟರ್ ಬೆರೆತ ಹಳೇ ಬಟ್ಟೆ. ಇವುಗಳಲ್ಲಿ ಕೆಲವು ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರುವಲಾಗುತ್ತವೆ. ಉಳಿದದ್ದು ಗುಂಡಿಗೆ, ಇಲ್ಲದಿದ್ದರೆ ರಸ್ತೆ ಬದಿಯ ಬೆಂಕಿಗೆ.

ಒಡೆದ ಟೈಲ್ಸು ಮತ್ತು ಬಳೆಯಿಂದ ಏನು ಮಾಡಬಹುದು ಅನ್ನುವುದಕ್ಕೆ ಚಂಡೀಗಢದ ರಾಕ್ ಗಾರ್ಡನ್ ಇದೆ. ನೇಕ್ ಚಂದ್ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರ ಕಟ್ಟಲು ಹಳ್ಳಿಗಳನ್ನು ಕೆಡವಿದ್ದರು. ಆ ಅವಶೇಷಗಳನ್ನು 1950ರ ದಶಕದ ಕೊನೆಯಲ್ಲಿ ಕದ್ದುಮುಚ್ಚಿ ಕಾಡಿಗೆ ಸಾಗಿಸಿ ಬೊಂಬೆ ಮಾಡಲು ಶುರು ಮಾಡಿದಾಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಸರ್ಕಾರಿ ಜಾಗ, ಅನುಮತಿ ಇಲ್ಲ. ಅಧಿಕಾರಿಗಳಿಗೆ ಗೊತ್ತಾಗುವ ಹೊತ್ತಿಗೆ ಹದಿನೈದು ವರ್ಷ ಕಳೆದು ಎಕರೆಗಟ್ಟಲೆ ಬೊಂಬೆಗಳು ನಿಂತಿದ್ದವು. ಕೆಡವುವ ಬದಲು 1976ರಲ್ಲಿ ಜನರಿಗೆ ತೆರೆದರು. ಮುಂದೆ ರಸ್ತೆಗಾಗಿ ಬುಲ್ಡೋಜರ್ ಬಂದಾಗ ಊರಿನವರೇ ಅಡ್ಡ ನಿಂತು ಉಳಿಸಿಕೊಂಡರು. ಆ ಬೊಂಬೆಗಳ ಅಂಗಿ ಲಂಗ ಎಲ್ಲ ಒಡೆದ ಬಳೆ ಚೂರು. ಪಿಂಗಾಣಿ ಫ್ಯೂಸು, ಒಡೆದ ಸಿಂಕು ಗೋಡೆಯಾಗಿವೆ. ಇವು ಬಿಸಿಲಿಗೆ ಬಿರಿಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಬೇರೆ ಯಾರಿಗೂ ಬೇಡವಾಗಿದ್ದವು. ಬಯಲಲ್ಲಿ ನಿಲ್ಲಿಸುವ ಪ್ಲಾಸ್ಟಿಕ್ ಶಿಲ್ಪದ ಕತೆ ಇದಕ್ಕೆ ಉಲ್ಟಾ. ಬಿಸಿಲು ಹೊಡೆದು ಹೊಡೆದು ಪ್ಲಾಸ್ಟಿಕ್ ಮುರುಕಲಾಗುತ್ತದೆ, ಪುಡಿಯಾಗಿ ಮಣ್ಣಿಗೂ ಚರಂಡಿಗೂ ಸೇರುತ್ತದೆ. ಕೆರೆ ಉಳಿಸಿ ಅಂತ ಕೆರೆ ಏರಿ ಮೇಲೆ ನಿಲ್ಲಿಸಿದ ಕೊಕ್ಕರೆಯ ಪುಡಿ ಕೊನೆಗೆ ಕೆರೆಗೇ.

ಬಟ್ಟೆಯ ವಿಷಯಕ್ಕೆ ಬಂದರೆ ನಾವು ಚಂಡೀಗಢದ ತನಕ ಹೋಗಬೇಕಾಗಿಲ್ಲ. ಕೌದಿ ಇದೆಯಲ್ಲ! ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತ್ರ, ಹರಿದ ಕುಪ್ಪಸ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಪದರ ಮೇಲೆ ಪದರ ಇಟ್ಟು ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೈಯಲ್ಲಿ ಇದು ಇನ್ನೂ ಬೇರೆ ಮಟ್ಟಕ್ಕೆ ಹೋಗಿದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಆಫ್ರಿಕಾ ಮೂಲದ ಜನರ ಮಕ್ಕಳು ಮೊಮ್ಮಕ್ಕಳು ಇವರು.

ಸಿದ್ದಿ ಕೌದಿ ಹೊಲಿಯುವ ಕ್ರಮವೇ ಚೆಂದ. ತಳಕ್ಕೆ ಒಂದು ಹಳೇ ಸೀರೆ ಹಾಸುತ್ತಾರೆ. ಮೂಲೆಯಿಂದ ಶುರು ಮಾಡಿ ಅಂಚಿನ ಉದ್ದಕ್ಕೂ ತುಂಡು ಬಟ್ಟೆ ಇಟ್ಟು ಹೊಲಿಯುತ್ತ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದರೆ ಒಳಗೆ ಇನ್ನೊಂದು ಸುತ್ತು, ಹೀಗೆ ನಡು ಮಧ್ಯಕ್ಕೆ ಬಂದು ಮುಗಿಸುತ್ತಾರೆ. ಪೆನ್ಸಿಲ್ ಗೆರೆ ಇಲ್ಲ, ನಕ್ಷೆ ಇಲ್ಲ. ಯಾವ ತುಂಡಿನ ಪಕ್ಕ ಯಾವ ಬಣ್ಣ ಅನ್ನುವುದು ಕೈಗೆ ಸಿಕ್ಕ ಗಂಟಿನಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ನಾಲ್ಕೂ ಮೂಲೆಗೆ ಮಡಿಸಿದ ಪುಟ್ಟ ತ್ರಿಕೋನಗಳ ಹೂವು ಹೊಲಿದ ಮೇಲೇ ಅದು ಪೂರ್ತಿ ಆದ ಹಾಗೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಒಂದು ಕೌದಿಯಲ್ಲಿ ಅಜ್ಜಿಯ ಸೀರೆ, ಮಗುವಿನ ಫ್ರಾಕು, ಗಂಡನ ಲುಂಗಿ ಎಲ್ಲ ಇರುತ್ತದೆ. ಅಮೆರಿಕದ ಗ್ಯಾಲರಿಗಳಲ್ಲಿ ಈ ಕೌದಿಗಳ ಪ್ರದರ್ಶನ ನಡೆದಿದೆ. ನಮ್ಮ ಕಾಲೇಜಿನ ಹುಡುಗರಿಗೆ ಮಾತ್ರ ‘ಅಪ್‌ಸೈಕ್ಲಿಂಗ್’ (ಹಳೆಯದರಿಂದ ಇನ್ನೂ ಬೆಲೆಯ ವಸ್ತು ಮಾಡುವುದು) ವಿದೇಶದಿಂದ ಬಂದ ಹೊಸ ವಿಚಾರ!

ಕೌದಿ ಇಲ್ಲಿ ಉದಾಹರಣೆಯಾಗುವುದು ಹಳೆಯದು ಅನ್ನುವ ಕಾರಣಕ್ಕಲ್ಲ. ಮಾಡಿದ ವಸ್ತು ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ, ಹರಿದರೆ ಮೇಲೊಂದು ತುಂಡು ಹಾಕಿ ಮತ್ತೆ ಹೊಲಿಯಬಹುದು, ಅಂಟು ಬೇಕಿಲ್ಲ. ಮಾಡುವವರಿಗೆ ಅದರ ಮೇಲೆ ಹಕ್ಕಿದೆ. ಕೌದಿಯನ್ನು ನಗರದ ಯುವಕರ ಗುಂಪೊಂದು ಕಲಿಯಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಇವತ್ತಿನ ಕಪಾಟು ಖಾಲಿ ಮಾಡಿದರೆ ಸಿಗುವುದು ಹತ್ತಿಯಲ್ಲ, ಪಾಲಿಯೆಸ್ಟರ್. ಜಾರುತ್ತದೆ, ಬೆವರು ಹೀರುವುದಿಲ್ಲ, ಹೊದ್ದರೆ ಸೆಕೆ. ಹೊದಿಕೆಗೆ ಆಗದಿದ್ದರೆ ಪರದೆಗೆ, ವೇದಿಕೆಯ ಹಿನ್ನೆಲೆಗೆ, ಬೇಸಿಗೆಯಲ್ಲಿ ಬೀದಿಗೆ ಅಡ್ಡ ಕಟ್ಟುವ ನೆರಳಿನ ಚಪ್ಪರಕ್ಕೆ ಆಗುತ್ತದೆ. ಅದನ್ನು ಯೋಚಿಸುವುದೇ ಕಲೆಯ ಕೆಲಸ.

2018ರ ಆಗಸ್ಟ್‌ನಲ್ಲಿ ಮಹಾಮಳೆ ಸುರಿದು ಪ್ರವಾಹ ಬಂದ ಮೇಲೆ ಕೇರಳದವರು ಹೀಗೆ ಯೋಚಿಸಿದ್ದರು. ಅದೇ ಮಳೆಯಲ್ಲಿ ನಮ್ಮ ಕೊಡಗಿನ ಗುಡ್ಡಗಳೂ ಕುಸಿದಿದ್ದವು. ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಂ ಕೈಮಗ್ಗಕ್ಕೆ ಹೆಸರಾದ ಊರು. ಓಣಂ ವ್ಯಾಪಾರಕ್ಕೆ ನೇಯ್ದು ಜೋಡಿಸಿಟ್ಟ ಸೀರೆಗಳೆಲ್ಲ ಪ್ರವಾಹದ ಕೆಸರಿಗೆ ಸಿಕ್ಕವು. ತೊಳೆದರೂ ಕಲೆ ಹೋಗಲಿಲ್ಲ, ಸುಟ್ಟು ಹಾಕುವುದೊಂದೇ ಬಾಕಿ. ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಆ ಸೀರೆಗಳನ್ನು ಶುದ್ಧ ಮಾಡಿಸಿ ತುಂಡು ಮಾಡಿ ಪುಟ್ಟ ಬೊಂಬೆ ಕಟ್ಟುವ ಉಪಾಯ ಹೂಡಿದರು. ಚೇಕುಟ್ಟಿ ಅಂತ ಹೆಸರಿಟ್ಟರು. ಬೊಂಬೆಯ ಮೈಮೇಲೆ ಕೆಸರಿನ ಕಲೆ ಹಾಗೇ ಇತ್ತು, ಅದನ್ನು ಮುಚ್ಚುವ ಪ್ರಯತ್ನ ಮಾಡಲಿಲ್ಲ.

ಇದರ ಲೆಕ್ಕ ನೋಡಿ. 1,300ರಿಂದ 1,500 ರೂಪಾಯಿಗೆ ಮಾರಬೇಕಿದ್ದ ಒಂದು ಸೀರೆಯಿಂದ 360 ಬೊಂಬೆ. ಒಂದಕ್ಕೆ 25 ರೂಪಾಯಿ. ಅಲ್ಲಿಗೆ 9,000 ರೂಪಾಯಿ. ಬೊಂಬೆ ಕಟ್ಟಿದ್ದು ಶಾಲೆ ಕಾಲೇಜಿನ ಮಕ್ಕಳು, ಕಚೇರಿಗಳಲ್ಲಿ ಕೆಲಸ ಮಾಡುವವರು, ಬೇರೆ ಊರುಗಳಲ್ಲಿದ್ದ ಸ್ವಯಂಸೇವಕರು. ಹಣ ಹೋದದ್ದು ನೇಕಾರರಿಗೆ. ಕಲಿಯಲು ಸುಲಭ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಚೀಲಕ್ಕೆ ನೇತುಹಾಕಬಹುದು. ಯಾರ ನಷ್ಟ, ಯಾರ ಶ್ರಮ, ಯಾರಿಗೆ ದುಡ್ಡು ಅನ್ನುವ ಮೂರಕ್ಕೂ ಇಲ್ಲಿ ನೇರ ಉತ್ತರ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ನಮ್ಮ ಹೆಚ್ಚಿನ ‘ಕಸದಿಂದ ರಸ’ ಕಾರ್ಯಕ್ರಮಗಳು ಮೂರನೆಯದಕ್ಕೆ ತಡವರಿಸುತ್ತವೆ.

ದುಡ್ಡಿನ ಮಾತು ಬಂದಾಗ ಕಸ ಆಯುವವರ ಮಾತೂ ಬರಬೇಕು. ಬ್ರೆಜಿಲಿನ ಕಲಾವಿದ ವಿಕ್ ಮುನಿಜ್ ರಿಯೊ ಡಿ ಜನೈರೊ ಹೊರಗಿನ ಜಾರ್ದಿಂ ಗ್ರಮಾಶೊ ಕಸದ ಗುಡ್ಡಕ್ಕೆ ಹೋದಾಗ ಅಲ್ಲಿ ಕಸ ಆರಿಸುವವರನ್ನೇ ಜೊತೆಗೆ ಕರೆದುಕೊಂಡರು. ಮೊದಲು ಅವರ ಫೋಟೋ ತೆಗೆದರು. ಅದನ್ನು ಗೋದಾಮಿನ ನೆಲದ ಮೇಲೆ ದೊಡ್ಡದಾಗಿ ಮೂಡಿಸಿ, ಅವರೇ ಆರಿಸಿ ತಂದ ಮುಚ್ಚಳ, ಟೈರು, ಚಪ್ಪಲಿಗಳನ್ನು ಅವರ ಕೈಯಿಂದಲೇ ಜೋಡಿಸಿದರು. ಮೇಲಿನಿಂದ ಮತ್ತೆ ಫೋಟೋ ತೆಗೆದರು. ಆ ಫೋಟೋವೇ ಕಲಾಕೃತಿ. ಕಸ ಆರಿಸುವವರ ಸಂಘದ ಮುಖಂಡ ತಿಯಾವೊ ಸಾಂತೊಸ್ ಅವರ ಚಿತ್ರ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಗಿ ಹಣ ಸಂಘಕ್ಕೆ ಬಂತು. 2012ರಲ್ಲಿ ಆ ಕಸದ ಗುಡ್ಡವನ್ನೇ ಮುಚ್ಚಿದರು.

ಇದರಲ್ಲಿ ನಮಗೆ ಬೇಕಾದ ಒಂದು ಉಪಾಯ ಅಡಗಿದೆ. ಕಸವನ್ನು ಶಾಶ್ವತವಾಗಿ ಅಂಟಿಸಬೇಕೆಂದೇನೂ ಇಲ್ಲ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆ ಹೊತ್ತಿಗೆ ಅಳಿಸಿದ ಹಾಗೆ, ಒಂದು ದಿನಕ್ಕೆ ಜೋಡಿಸಿ, ಫೋಟೋ ತೆಗೆದು, ವಾಪಸ್ ಕೊಟ್ಟರಾಯಿತು. ಬೆಂಗಳೂರಿನ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿವೆ. ಹಲವನ್ನು ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಾರೆ. ಅಲ್ಲಿ ಬಣ್ಣದ ಪ್ರಕಾರ ಬೇರೆ ಮಾಡಿದ ಬಾಟಲಿ, ಹಾಲಿನ ಕವರ್, ರಟ್ಟು ಮೂಟೆಗಟ್ಟಲೆ ಇರುತ್ತದೆ. ಕಲಾಶಾಲೆಯ ಹುಡುಗರು ಒಂದು ಭಾನುವಾರ ಅಲ್ಲಿಗೇ ಹೋಗಿ, ಅಲ್ಲಿನವರ ಜೊತೆ ನೆಲದ ಮೇಲೆ ಚಿತ್ರ ಹರಡಿ, ಸಂಜೆ ಎಲ್ಲ ಮೂಟೆಗೆ ತುಂಬಿಸಿ ಬರಬಹುದು. ಕೇಂದ್ರದವರಿಗೆ ಒಂದು ಕಿಲೋ ನಷ್ಟವಿಲ್ಲ. ಅವರ ದಿನಗೂಲಿ ಕೊಟ್ಟರೆ ಮಾತ್ರ, ಅದನ್ನು ಮರೆಯಬಾರದು.

ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಡಲು ಶುರು ಮಾಡಿದ್ದು 2011ರಲ್ಲಿ. ಅದರ ಹಿಂದೆ ಇದ್ದ ಸಂಘಟನೆಗಳಲ್ಲಿ ಒಂದಾದ ಹಸಿರು ದಳ ಈ ಜನರ ಮಕ್ಕಳಿಗಾಗಿ ‘ಬುಗುರಿ’ ಹೆಸರಿನ ಸಮುದಾಯ ಗ್ರಂಥಾಲಯವನ್ನೂ ಮಾಡಿದೆ. ಕಸದಿಂದ ಕಲೆ ಅನ್ನುವ ಕಾರ್ಯಾಗಾರಗಳಲ್ಲಿ ಈ ಮಕ್ಕಳು ಕಾಣುವುದು ಕಡಿಮೆ. ಯಾವ ಪ್ಲಾಸ್ಟಿಕ್ ಯಾವುದು ಅಂತ ಕೈಯಲ್ಲಿ ಒಮ್ಮೆ ಕಿವುಚಿ, ಬರುವ ಸದ್ದಿನಿಂದಲೇ ಹೇಳುವ ಜನ ಅವರ ಮನೆಯಲ್ಲಿದ್ದಾರೆ. ಅವರನ್ನು ಕರೆಯದೆ ಹೊರಗಿನಿಂದ ‘ರಿಸೋರ್ಸ್ ಪರ್ಸನ್’ ಕರೆಸುವುದು ನಮ್ಮ ಅಭ್ಯಾಸ.

ಪರಾಗ್ವೆ ದೇಶದ ಕತೆ ಹಾಗಾಗಲಿಲ್ಲ. ರಾಜಧಾನಿ ಅಸುನ್ಸಿಯೋನ್ ಅಂಚಿನ ಕತೇವುರಾ ಕಸದ ಗುಡ್ಡದ ಪಕ್ಕದಲ್ಲೇ ಜನ ಬದುಕುತ್ತಾರೆ. ಪರಿಸರ ಯೋಜನೆಯೊಂದಕ್ಕೆ ಅಲ್ಲಿಗೆ ಹೋದ ಫಾವಿಯೊ ಚಾವೆಸ್ ಮಕ್ಕಳಿಗೆ ಸಂಗೀತ ಹೇಳಿಕೊಡಲು ಶುರು ಮಾಡಿದರು. ವಾದ್ಯ ಸಾಲಲಿಲ್ಲ. ನಿಜವಾದ ಪಿಟೀಲಿನ ಬೆಲೆ ಅಲ್ಲಿನ ಒಂದು ಮನೆಗಿಂತ ಜಾಸ್ತಿ. ಆಗ ಅಲ್ಲಿಯೇ ಕಸ ಆರಿಸುತ್ತಿದ್ದ ನಿಕೊಲಾಸ್ ಗೋಮೆಸ್ ಡಬ್ಬ, ಫೋರ್ಕು, ಎಣ್ಣೆ ಡ್ರಮ್ಮು, ನೀರಿನ ಪೈಪುಗಳಿಂದ ಪಿಟೀಲು, ಚೆಲ್ಲೊ, ಸ್ಯಾಕ್ಸೊಫೋನ್ ಮಾಡಿಕೊಟ್ಟರು. 2014ರಲ್ಲಿ ಆ ಮಕ್ಕಳು ಅಮೆರಿಕದ ರಾಕ್ ಸಂಗೀತದ ಮೆಟಾಲಿಕಾ ತಂಡದ ದಕ್ಷಿಣ ಅಮೆರಿಕ ಪ್ರವಾಸದಲ್ಲಿ ವೇದಿಕೆ ಹತ್ತಿದರು. ಡಬ್ಬದ ಪಿಟೀಲು ಸುದ್ದಿಯಾಯಿತು ನಿಜ. ಆದರೆ ಆ ಮಕ್ಕಳ ತಂಡ ವರ್ಷಗಟ್ಟಲೆ ಬಾಳಿದ್ದು ಅವರು ಸಂಗೀತ ಕಲಿತದ್ದರಿಂದ. ವಸ್ತು ವಿಚಿತ್ರವಾಗಿದ್ದರೆ ಸಾಲದು, ಅದರಿಂದ ಏನೋ ಒಂದು ಕಸುಬು ಕೈಗೆ ಬರಬೇಕು.

ಇನ್ನು ಹಣ ಹಾಕುವವರ ಕಡೆ ಸ್ವಲ್ಪ ನೋಡಬೇಕು. ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆಂದು ಎತ್ತಿಡುವ) ದುಡ್ಡಿಗೆ ಇಂಥ ಶಿಲ್ಪಗಳು ಬಲು ಇಷ್ಟ. ಒಂದು ವಾರದಲ್ಲಿ ಮುಗಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಕೆಳಗೆ ಲೋಗೋ ಹಾಕಬಹುದು. ಆದರೆ ತಾನು ಮಾರಿದ ಪ್ಯಾಕೆಟ್ಟನ್ನು ವಾಪಸ್ ಸಂಗ್ರಹಿಸಿ ವಿಲೇವಾರಿ ಮಾಡಿಸುವುದು ಉತ್ಪಾದಕರ ಕಾನೂನಿನ ಹೊಣೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೇ ಇದೆ, 2022ರಲ್ಲಿ ಇನ್ನಷ್ಟು ಬಿಗಿಯಾಯಿತು. ಶಿಲ್ಪಕ್ಕೆ ದುಡ್ಡು ಕೊಟ್ಟರೆ ಆ ಹೊಣೆ ತೀರುವುದಿಲ್ಲ. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಚಿಪ್ಸ್ ಪ್ಯಾಕೆಟ್ ಹೆಣೆದು ಆಮೆ ಮಾಡುವಾಗ, ಅಷ್ಟೂ ಪ್ಯಾಕೆಟ್ ಯಾವ ಕಂಪನಿಯವು ಅಂತ ಎಣಿಸಿ ಪಕ್ಕದಲ್ಲಿ ಬೋರ್ಡು ಹಾಕಿದರೆ ಅದೇ ಆಮೆ ಬೇರೆ ಮಾತಾಡುತ್ತದೆ. ಪ್ರಾಯೋಜಕರು ಸಿಗುವುದು ಕಷ್ಟವಾಗಬಹುದು, ಅಷ್ಟೆ.

ಜಾಗದ ಆಯ್ಕೆಯೂ ಅರ್ಧ ಕೆಲಸ ಮಾಡುತ್ತದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಶಿಲ್ಪ ಕೂರಿಸಿದ್ದು ನೆನಪಿರಬಹುದು. ಅದು ಕಸದ ಕಲೆಯಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಸುದ್ದಿಯಾದ ಮೇಲೆ ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು, ಮೊಸಳೆ ಹೋಯಿತು. ಕೆಲಸ ಆಯಿತಲ್ಲ! ಕಸ ಸುರಿಯುವ ಬ್ಲ್ಯಾಕ್ ಸ್ಪಾಟ್‌ಗಳಲ್ಲಿ ಪೌರಕಾರ್ಮಿಕರು ಬೆಳಿಗ್ಗೆ ಬೆಳಿಗ್ಗೆ ರಂಗೋಲಿ ಹಾಕಿದ್ದೂ ಇದೇ ಜಾತಿಯದು. ಹೆಸರು ಹೇಳದೆ ಕೆಲಸ ಮಾಡುವ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಹೊಡೆಯುತ್ತಾರೆ. ಎಲೆ ಅಡಿಕೆ ಉಗಿದರೂ ಕಾಣಬಾರದು ಅಂತ. ಜನರ ಗುಣ ಗೊತ್ತಿದ್ದವರ ಕಲೆ ಅದು. ಬಾಟಲಿಯ ಮರವನ್ನು ಕಾಲೇಜಿನ ಆಡಿಟೋರಿಯಂ ಒಳಗೆ ನಿಲ್ಲಿಸಿದರೆ ನೋಡುವವರು ಮೊದಲೇ ಒಪ್ಪಿಕೊಂಡವರು.

ಕರ್ನಾಟಕದಲ್ಲಿ ಯುವಕರು ಸೇರಿ ಮಾಡುವ ಅತಿ ದೊಡ್ಡ ಸಮುದಾಯ ಕಲೆ ಯಾವುದು ಅಂದರೆ ನಾನು ಗಣೇಶನ ಪೆಂಡಾಲ್ ಅಂತಲೇ ಹೇಳುತ್ತೇನೆ. ಯಾವ ಎನ್‌ಜಿಒ ಕೂಡ ಇಷ್ಟು ಹುಡುಗರನ್ನು ರಾತ್ರಿಯಿಡೀ ನಿದ್ದೆಗೆಡಿಸಿ ಕೆಲಸ ಮಾಡಿಸಲಾರದು. ಚಂದಾ ಎತ್ತುತ್ತಾರೆ, ನಕ್ಷೆ ಮಾಡುತ್ತಾರೆ, ಬಿದಿರು ಕಟ್ಟುತ್ತಾರೆ, ಜಗಳ ಆಡುತ್ತಾರೆ, ಮುಗಿಸುತ್ತಾರೆ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಪಿಒಪಿ ಮೂರ್ತಿಗೂ ರಾಜ್ಯದಲ್ಲಿ ನಿಷೇಧ ಇದೆ. ಹಾಗಾಗಿ ಹೊಸ ವಸ್ತು ಹುಡುಕುವ ಅಗತ್ಯ ಹೇಗೂ ಇದೆ.

ಅದು ಕಣ್ಣೆದುರಿಗೇ ನೇತಾಡುತ್ತಿದೆ. 10 ಅಡಿ ಉದ್ದ, 8 ಅಡಿ ಅಗಲದ ಒಂದು ಫ್ಲೆಕ್ಸು ಸುಮಾರು 2 ಕಿಲೋ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ ನೂರು ನೀರಿನ ಬಾಟಲಿಯಷ್ಟು ತೂಕ. ಪಾಲಿಯೆಸ್ಟರ್ ಬಲೆಗೆ ಪಿವಿಸಿ ಮೆತ್ತಿದ ಹಾಳೆ ಅದು. ಬೇರ್ಪಡಿಸಲು ಕಷ್ಟ, ಸುಟ್ಟರೆ ವಿಷದ ಹೊಗೆ. ಹೈಕೋರ್ಟ್ ಗದರಿದ ಮೇಲೆ 2018ರ ಆಗಸ್ಟ್‌ನಲ್ಲಿ ಬೆಂಗಳೂರು ಪಾಲಿಕೆ ಒಂದೇ ಸಮನೆ ಫ್ಲೆಕ್ಸು ಕಿತ್ತಿತ್ತು. ಹುಟ್ಟುಹಬ್ಬದ ಶುಭಾಶಯಗಳು ಮತ್ತೆ ಬಂದವು ಬಿಡಿ. ಬಡವರ ಗುಡಿಸಲಿಗೆ, ತರಕಾರಿ ಗಾಡಿಗೆ ಇದೇ ಹಳೇ ಫ್ಲೆಕ್ಸು ಸೂರಾಗುತ್ತದೆ, ಅದು ಒಳ್ಳೆಯ ಮರುಬಳಕೆ. ಅವರಿಗೆ ಸಾಕಾಗಿ ಉಳಿದದ್ದರ ಹಿಂಬದಿ ಬಿಳಿ ಇರುತ್ತದೆ, ಬಣ್ಣ ಹಿಡಿಯುತ್ತದೆ, ಮಳೆಗೆ ಹಾಳಾಗುವುದಿಲ್ಲ. ಹಿಂಬದಿಗೆ ಚಿತ್ರ ಬರೆದರೆ ಪೆಂಡಾಲಿನ ಹಿನ್ನೆಲೆ ಆಯಿತು. ಹಬ್ಬ ಮುಗಿದ ಮೇಲೆ ಸುತ್ತಿಟ್ಟರೆ ಮುಂದಿನ ವರ್ಷಕ್ಕೂ ಆಯಿತು. ಒಂದೇ ತೊಂದರೆ, ಆ ಫ್ಲೆಕ್ಸಿನಲ್ಲಿ ಸಾಲಾಗಿ ಕೈ ಮುಗಿದು ನಿಂತ ಪಾಸ್‌ಪೋರ್ಟ್ ಸೈಜಿನ ಫೋಟೋಗಳು ಪೆಂಡಾಲ್ ಕಟ್ಟುವ ಹುಡುಗರದ್ದೇ. ಮುಖವನ್ನು ಹಿಂದೆ ತಿರುಗಿಸಿ ಕಟ್ಟಲು ಸಂಘದ ಮೀಟಿಂಗಿನಲ್ಲಿ ಮೊದಲು ಅವರನ್ನು ಒಪ್ಪಿಸಬೇಕು.